ಕುಂದರ್ ಅವರ ಕಿವಿ ಮತ್ತು ನನ್ನ ಮೊದಲ ವರದಿ

2022ರ ಮಳೆಗಾಲದ ಕೊನೆ. ಮಣಿಪಾಲದಲ್ಲಿ ನನ್ನದೇ ಒಂದು ಸಣ್ಣ ಶ್ರವಣ ಪರೀಕ್ಷಾ ಕೇಂದ್ರವಿತ್ತು. ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು ವರದಿ ಬರೆಯುವವಳು. ಈ ಕೆಲಸಕ್ಕೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಯಾರು ನಿಜವಾಗಿ ಕೇಳಿಸದವರು, ಯಾರು ನಾಟಕದವರು ಎಂಬುದು ಬಾಗಿಲಲ್ಲೇ ಗೊತ್ತಾಗುತ್ತದೆ ಎಂಬ ಜಂಬ ನನಗಿತ್ತು. ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಇವೆರಡೂ ಸೇರಿ ನನ್ನಿಂದ ಒಂದು ತಪ್ಪು ಮಾಡಿಸಿದವು. ನಿವೃತ್ತಿಯ ನಂತರವೂ ನನ್ನನ್ನು ಬಿಡದೆ ಕಾಡುವ ಪ್ರಕರಣ ಅದೊಂದೇ.

ಆ ದಿನ ಕಾಪುವಿನಿಂದ ಸದಾಶಿವ ಕುಂದರ್ ಎಂಬವರು ಹೆಂಡತಿ ಜಲಜಕ್ಕನ ಜೊತೆ ಬಂದರು. ಅರುವತ್ತು ದಾಟಿದ ಗಟ್ಟಿಮುಟ್ಟಾದ ಆಸಾಮಿ. ಕುರ್ಚಿಯಲ್ಲಿ ಕೂರಲೊಲ್ಲರು. ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಎರಡು ಹೆಜ್ಜೆ ಹಾಕುತ್ತಾರೆ, ಮತ್ತೆ ಗೋಡೆ. ನನಗೇ ತಲೆ ತಿರುಗಿದಂತಾಯಿತು.

ಅವರು ನೌಕಾಪಡೆಯಲ್ಲಿ ಸೋನಾರ್ ಆಪರೇಟರ್ ಆಗಿದ್ದವರು. ಸೋನಾರ್ ಎಂದರೆ ನೀರಿನೊಳಗಿನ ಸದ್ದನ್ನು ಹಿಡಿದು ಅಲ್ಲಿ ಏನಿದೆ ಎಂದು ತಿಳಿಸುವ ಯಂತ್ರ. ಸಮುದ್ರದ ಅಡಿಯಲ್ಲಿ ಬರುವ ಶತ್ರುವಿನ ಜಲಾಂತರ್ಗಾಮಿ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕೇಳಿಯೇ ಪತ್ತೆಹಚ್ಚಬೇಕು. ಹದಿನೈದು ವರ್ಷ ಕುಂದರ್ ಹೆಡ್‌ಫೋನ್ ಹಾಕಿಕೊಂಡು, ಎಂಜಿನ್ನಿನ ಗದ್ದಲದ ನಡುವೆ ಆ ಕೆಲಸ ಮಾಡಿದ್ದರು. ಈಗ ಅವರಿಗೆ ಮುಖ ನೋಡಿ ಮಾತಾಡಿದರೆ ಮಾತ್ರ ಅರ್ಥವಾಗುತ್ತಿತ್ತು. ಸೇವೆಯಿಂದ ಕಿವಿ ಹಾಳಾಗಿದೆ ಎಂದು ಸಾಬೀತಾದರೆ ಸರಕಾರ ಅಂಗವೈಕಲ್ಯ ಪಿಂಚಣಿ ಕೊಡುತ್ತದೆ. ಆದರೆ ನಿವೃತ್ತಿಯ ಸಮಯದ ಕಾಗದದಲ್ಲಿ ‘ಶ್ರವಣ ಸಾಮಾನ್ಯ’ ಎಂದಿತ್ತು. ಅದರ ಆಧಾರದಲ್ಲಿ ಅರ್ಜಿಯೂ ಮೊದಲ ಮೇಲ್ಮನವಿಯೂ ತಿರಸ್ಕಾರವಾಗಿದ್ದವು. ಎರಡನೆಯ ಮೇಲ್ಮನವಿಯೇ ಕೊನೆಯದು, ಅದಕ್ಕೆ ಉಳಿದದ್ದು ಹತ್ತು ದಿನ.

“ಪಿಂಚಣಿ ಒಂದು ಬದಿಗಿರಲಿ ಮೇಡಂ,” ಎಂದು ಕುಂದರ್ ನನ್ನ ಮೇಜಿನ ಮೇಲೆ ಕೈ ಊರಿದರು. “ನಾನು ಸುಳ್ಳು ಹೇಳ್ತೇನೆ ಅಂತ ಆಯ್ತಲ್ಲ. ನನ್ನ ಕಿವಿ ಎಲ್ಲಿ ಹೋಯ್ತು ಅಂತ ಅವರು ಒಂದು ಸಾಲು ಬರೆದು ಕೊಡ್ಲಿ, ಸಾಕು.”

ಪರೀಕ್ಷೆ ಬಹಳ ಸರಳ. ಸದ್ದು ಒಳಬಾರದ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಸಿ ಕೂರಿಸುತ್ತೇವೆ, ಕೈಗೆ ಒಂದು ಗುಂಡಿ ಕೊಡುತ್ತೇವೆ. ‘ಕುಂಯ್’ ಎಂಬ ಸದ್ದು ಕೇಳಿದಾಗ ಅದನ್ನು ಒತ್ತಬೇಕು. ಸದ್ದನ್ನು ಇಳಿಸುತ್ತಾ ಹೋಗಿ, ಕೇಳುವ ಅತಿ ಸಣ್ಣ ಮಟ್ಟವನ್ನು ಗುರುತಿಸುತ್ತೇವೆ. ನಾನು ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ: “ಎಷ್ಟೇ ಸಣ್ಣ ಸದ್ದಾದರೂ ಸರಿ, ಒತ್ತಿ.”

ಕುಂದರ್ ಒತ್ತಿದರು. ಸದ್ದು ಕೊಟ್ಟಾಗ ಒತ್ತಿದರು, ಕೊಡದಿದ್ದಾಗಲೂ ಒತ್ತಿದರು. ಒಂದೇ ಕಿವಿ, ಒಂದೇ ಸ್ವರ. ಮೊದಲ ಸಲ 25 ಡೆಸಿಬಲ್, ಆಮೇಲೆ 50, ಮೂರನೇ ಸಲ 35. ಡೆಸಿಬಲ್ ಎಂದರೆ ಸದ್ದಿನ ಅಳತೆ. ನೆಟ್ಟಗೆ ಉತ್ತರಿಸುವವರಲ್ಲಿ ಐದರ ಆಚೀಚೆ ಆಗಬಹುದು, ಇಷ್ಟೊಂದು ಏರುಪೇರಾಗುವುದಿಲ್ಲ. ಹೊರಗೆ ನಾಲ್ಕು ಜನ ಕಾಯುತ್ತಿದ್ದರು, ನನ್ನ ತಾಳ್ಮೆ ಕೆಟ್ಟಿತು. ಇವರು ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದೇ ತೀರ್ಮಾನಿಸಿದೆ. ‘ಉತ್ತರಗಳು ವಿಶ್ವಾಸಾರ್ಹವಲ್ಲ’ ಎಂದು ಬರೆದು, ಸಹಿ ಹಾಕಿ, ಲಕೋಟೆ ಅಂಟಿಸಿ ಕೊಟ್ಟೆ. ಆ ಒಂದು ವಾಕ್ಯ ಅವರ ಮೇಲ್ಮನವಿಯನ್ನು ಮುಳುಗಿಸುತ್ತದೆ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಅದನ್ನು ಅವರು ಅಲ್ಲಿಂದಲೇ ಬಸ್ಸು ಹತ್ತಿ ಕಾರ್ಕಳಕ್ಕೆ ಒಯ್ಯುವವರಿದ್ದರು. ಮಾಜಿ ಸೈನಿಕರ ಅರ್ಜಿಗಳನ್ನು ಬರೆದುಕೊಡುವ ನಿವೃತ್ತ ಸುಬೇದಾರರೊಬ್ಬರು ಅಲ್ಲಿದ್ದರು. ಹೊರಡುವಾಗ ಜಲಜಕ್ಕ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: “ಮೇಡಂ, ಇವರಿಗೆ ಕುಕ್ಕರ್ ಕೂಗಿದ್ದು ಕೇಳುವುದಿಲ್ಲ. ಆದ್ರೆ ದಿನಕ್ಕೆ ಹತ್ತು ಸಲ ಎದ್ದು ಹೋಗಿ ಬಾಗಿಲು ತೆಗೀತಾರೆ. ಯಾರೂ ಇರುವುದಿಲ್ಲ. ಇದು ಎಂತ ಕಾಯಿಲೆ?” ವಯಸ್ಸಾಯಿತಲ್ಲ ಎಂದು ಸಾಗಹಾಕಿದೆ.

ಆ ಬಾಗಿಲು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಮರುದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದವಳು ಹಾಗೆಯೇ ಮುಚ್ಚಿಟ್ಟೆ. ಕಿವುಡು ನಟಿಸುವವನು ಎಂತ ಮಾಡುತ್ತಾನೆ? ಸದ್ದು ಕೇಳಿದರೂ ಸುಮ್ಮನಿರುತ್ತಾನೆ. ಸದ್ದಿಲ್ಲದಾಗ ಗುಂಡಿ ಒತ್ತಿ ತನಗೆ ಕೇಳುತ್ತದೆ ಎಂದು ಯಾಕೆ ತೋರಿಸಿಕೊಳ್ಳುತ್ತಾನೆ? ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯುವ ವಿಷಯ ನನಗೆ ಹೊಳೆದಿರಲಿಲ್ಲ. ಜಲಜಕ್ಕನಿಗೆ ಫೋನ್ ಮಾಡಿ, ಸದ್ದಿಲ್ಲದಾಗ ಯಾಕೆ ಒತ್ತಿದಿರಿ ಎಂದು ಅವರ ಗಂಡನನ್ನು ಕೇಳಲು ಹೇಳಿದೆ. ಆಕೆ ತುಳುವಿನಲ್ಲಿ ಜೋರಾಗಿ ಕೇಳಿದ್ದು, ಆತ ಅದಕ್ಕಿಂತ ಜೋರಾಗಿ ಉತ್ತರಿಸಿದ್ದು ನನಗೆ ನೇರವಾಗಿಯೇ ಕೇಳಿಸಿತು. ಜಲಜಕ್ಕ ಕನ್ನಡದಲ್ಲಿ ಹೇಳಿದರು:

“ಅನುಮಾನ ಬಂದ್ರೂ ಒತ್ಬೇಕಂತೆ ಮೇಡಂ. ಇಲ್ಲದ್ದನ್ನು ಉಂಟು ಅಂದ್ರೆ ಬೈಗುಳ ತಿಂದ್ರೆ ಮುಗೀತು. ಇದ್ದದ್ದನ್ನು ಹೇಳದೆ ಬಿಟ್ರೆ ಹಡಗೇ ಹೋಗ್ತದಂತೆ.”

ಆ ಮನುಷ್ಯ ನನ್ನ ಕೋಣೆಯಲ್ಲಿ ಪರೀಕ್ಷೆಗೆ ಕೂತಿರಲಿಲ್ಲ, ಪಹರೆಗೆ ಕೂತಿದ್ದರು. ಮನೆಯಲ್ಲಿ ಎದ್ದೆದ್ದು ಬಾಗಿಲು ತೆಗೆಯುತ್ತಿದ್ದದ್ದೂ ಅದೇ ಪಹರೆ. ನಿವೃತ್ತಿಯ ದಿನವೂ ಹೀಗೆಯೇ ಒತ್ತಿ ಒತ್ತಿ ‘ಸಾಮಾನ್ಯ’ ಎನಿಸಿಕೊಂಡಿರಬೇಕು.

ಜಲಜಕ್ಕನಿಂದ ನಂಬರ್ ಪಡೆದು ಸುಬೇದಾರರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕೇಂದ್ರಕ್ಕೆ ಬೀಗ ಹಾಕಿ ಕಾರು ಹತ್ತಿದೆ. ಹಿರಿಯಡ್ಕದಲ್ಲಿ ಕಲ್ಲು ತುಂಬಿದ ಲಾರಿಯ ಹಿಂದೆ ಸಿಕ್ಕಿಬಿದ್ದು, ಹಾರ್ನ್ ಹೊಡೆದೂ ಹೊಡೆದೂ ಆ ಡ್ರೈವರನಿಂದ ಚೆನ್ನಾಗಿ ಬೈಸಿಕೊಂಡೆ. ಕಾರ್ಕಳ ತಲುಪಿದಾಗ ಸುಬೇದಾರರು ಚೀಲ ಹೆಗಲಿಗೆ ಹಾಕಿ ಅಂಚೆ ಕಚೇರಿಗೆ ಹೊರಟು ನಿಂತಿದ್ದರು. ಕಾಗದಗಳೆಲ್ಲ ಅದರೊಳಗೆ.

“ನನ್ನ ವರದಿ ವಾಪಸ್ ಕೊಡಿ. ತಪ್ಪು ಬರೆದಿದ್ದೇನೆ,” ಎಂದೆ. ಹೊರಗಿನವರೊಬ್ಬರ ಮುಂದೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚೀಲದಿಂದ ವರದಿ ತೆಗೆದು ಕೊಟ್ಟರು. “ಒಂಬತ್ತು ದಿನ ಉಂಟು ಮೇಡಂ. ಅಷ್ಟರೊಳಗೆ ಸರಿಯಾದದ್ದು ಕೊಡ್ತೀರಲ್ವಾ?”

ಕೊಡಬೇಕಿದ್ದರೆ ಕುಂದರ್ ಅವರ ಬೆರಳನ್ನು ನಂಬದ ಪರೀಕ್ಷೆ ಬೇಕಿತ್ತು. ಅದರ ಹೆಸರು ಬೆರಾ. ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಕಿವಿಯೊಳಗೆ ‘ಟಕ್ ಟಕ್’ ಸದ್ದು ಬಿಟ್ಟು, ಮಿದುಳಿಗೆ ಅದು ತಲುಪಿತೇ ಎಂದು ಯಂತ್ರವೇ ನೋಡುತ್ತದೆ. ರೋಗಿ ಏನೂ ಮಾಡಬೇಕಿಲ್ಲ; ಮೈ ಸಡಿಲ ಬಿಟ್ಟು ಮಲಗಿದರೆ ಸಾಕು, ನಿದ್ದೆ ಬಂದರೆ ಇನ್ನೂ ಒಳ್ಳೆಯದು. ಕತ್ತಿನ ಸ್ನಾಯು ಬಿಗಿದರೂ ಗೆರೆಗಳು ಕಲಸಿಹೋಗುತ್ತವೆ.

ಎರಡು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದೆ. ಏನೂ ಮಾಡದೆ ಮಲಗುವುದೇ ಕುಂದರ್ ಅವರಿಂದ ಆಗದ ಕೆಲಸ. ಪ್ರತಿ ಸದ್ದಿಗೂ ಬೆರಳು ಎತ್ತಿದರು. ಕೈ ಕಟ್ಟಿಕೊಳ್ಳಿ ಎಂದರೆ ಹುಬ್ಬು ಎತ್ತಿದರು. ಒಂದು ಗಂಟೆ ಹೆಣಗಾಡಿದರೂ ಪರದೆಯ ಮೇಲೆ ಬರೀ ಗೀಚು. ತಂತಿಗಳನ್ನು ಹೊತ್ತುಕೊಂಡೇ ಎದ್ದು ಕೂತು, “ಆಗುವುದಿಲ್ಲ ಮೇಡಂ, ಬಿಡಿ,” ಎಂದರು.

ನಾನು ಯಂತ್ರ ನಿಲ್ಲಿಸಿದೆ. ಎದುರು ಕೂತು, ತುಟಿ ಕಾಣುವಂತೆ ಕೇಳಿದೆ: “ಹಡಗಿನಲ್ಲಿ ನೀವು ನಿದ್ದೆ ಮಾಡ್ತಿದ್ದದ್ದು ಹೇಗೆ?”

“ಬದಲಿಯವನು ಬಂದು ಹೆಡ್‌ಫೋನ್ ಹಾಕ್ಕೊಂಡು, ‘ಈಗ ನಾನು ಕೇಳ್ತಿದ್ದೇನೆ’ ಅಂತ ಹೇಳ್ಬೇಕು. ಅದು ಹೇಳದೆ ಎದ್ದು ಹೋಗುವ ಹಾಗಿಲ್ಲ. ಹೇಳಿದ ಮೇಲೆ ಬಿದ್ದಲ್ಲೇ ನಿದ್ದೆ.”

ನಾನು ಇನ್ನೂ ಯೋಚಿಸುತ್ತಿದ್ದೆ. ಜಲಜಕ್ಕ ಎದ್ದರು. ಪಕ್ಕದ ಕೋಣೆಗೆ ಹೋಗಿ, ಮೊನ್ನೆ ಗಂಡನಿಗೆ ಹಾಕಿಸಿದ್ದ ಹೆಡ್‌ಫೋನನ್ನು ತಂತಿ ಸಮೇತ ಕಿತ್ತು ತಂದರು. ಮುಡಿದ ಅಬ್ಬಲಿಗೆ ಹೂವನ್ನು ತೆಗೆದು ಮೇಜಿನ ಮೇಲಿಟ್ಟು, ಹೆಡ್‌ಫೋನನ್ನು ತಲೆಗೆ ಏರಿಸಿಕೊಂಡು, ಗಂಡನ ಎದುರು ಕುರ್ಚಿ ಎಳೆದು ನೆಟ್ಟಗೆ ಕೂತರು.

“ಯಾನ್ ಕೇನೊಂದುಲ್ಲೆ. ಈರ್ ಜೆಪ್ಪುಲೆ,” ಎಂದರು. ನಾನು ಕೇಳುತ್ತಿದ್ದೇನೆ, ನೀವು ಮಲಗಿ.

ಕುಂದರ್ ಆಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಲಗಿದರು. ಹತ್ತು ನಿಮಿಷದಲ್ಲಿ ಗೊರಕೆ ಕೇಳಿಸಿತು. ಪರದೆಯ ಗೆರೆಗಳು ಒಂದೊಂದಾಗಿ ತಿಳಿಯಾದವು. ಎರಡೂ ಕಿವಿಗಳಲ್ಲಿ 65 ಡೆಸಿಬಲ್‌ಗಿಂತ ಕೆಳಗೆ ಮಿದುಳಿನಿಂದ ಉತ್ತರವೇ ಇರಲಿಲ್ಲ. ಆರೋಗ್ಯವಂತ ಕಿವಿಗೆ 25–30 ಸಾಕು. ನಲವತ್ತು ನಿಮಿಷ ಜಲಜಕ್ಕ ಅಲುಗಾಡಲಿಲ್ಲ. ಪರೀಕ್ಷೆ ಮುಗಿದ ಮೇಲೂ ಗಂಡ ತಾನಾಗಿ ಏಳುವ ತನಕ ಹೆಡ್‌ಫೋನ್ ತೆಗೆಯಲಿಲ್ಲ.

ಹೊಸ ವರದಿಯಲ್ಲಿ ಅಂಕಿಗಳ ಜೊತೆ, ನನ್ನ ಮೊದಲ ತೀರ್ಮಾನ ಯಾಕೆ ತಪ್ಪಾಯಿತು ಎಂಬುದನ್ನೂ ಬರೆದೆ. ಆರು ದಿನ ಬಾಕಿ ಇರುವಾಗಲೇ ಅದು ಅಂಚೆಗೆ ಬಿತ್ತು. ಐದು ತಿಂಗಳ ನಂತರ ವೈದ್ಯಕೀಯ ಮಂಡಳಿ ಕುಂದರ್ ಅವರನ್ನು ಕರೆಸಿ, ತಾನೇ ಬೆರಾ ಮಾಡಿಸಿ, ಸೇವೆಯಿಂದಾದ ಹಾನಿ ಎಂದು ಒಪ್ಪಿತು. ಅವರು ಕೇಳಿದ ಆ ಒಂದು ಸಾಲು ಸಿಕ್ಕಿತು. ಪಿಂಚಣಿಯೂ, ಶ್ರವಣ ಸಾಧನವೂ ಬಂದವು.

ಅದಾದ ಮೇಲೆ ಯಾರ ಕೈಗಾದರೂ ಗುಂಡಿ ಕೊಡುವ ಮೊದಲು, ಎಂತ ಕೆಲಸದಲ್ಲಿದ್ದಿರಿ ಎಂದು ಕೇಳಿಯೇ ಮುಂದುವರಿಯುತ್ತಿದ್ದೆ. ಕಿವಿಯನ್ನು ಯಂತ್ರ ಅಳೆಯಬಹುದು. ಆ ಕಿವಿ ಇಷ್ಟು ವರ್ಷ ಯಾವುದಕ್ಕಾಗಿ ಕಾಯುತ್ತಿತ್ತು ಎಂಬುದನ್ನು ನಾವೇ ಕೇಳಿ ತಿಳಿಯಬೇಕು. ‘ವಿಶ್ವಾಸಾರ್ಹವಲ್ಲ’ ಎಂಬ ಆ ಹಾಳೆಯನ್ನು ನಾನು ಹರಿದು ಹಾಕಲಿಲ್ಲ. ಕೇಂದ್ರ ಮುಚ್ಚುವ ತನಕ ಅದು ನನ್ನ ಮೇಜಿನ ಗಾಜಿನ ಕೆಳಗಿತ್ತು.

ಸಾಧನ ಹಾಕಿಸಿಕೊಂಡ ಮೇಲೆ ದಂಪತಿ ಒಮ್ಮೆ ಬಂದಿದ್ದರು. ಈಗಲೂ ಎದ್ದೆದ್ದು ಬಾಗಿಲು ತೆಗೆಯುತ್ತಾರಾ ಎಂದು ಕೇಳಿದೆ.

“ತೆಗೀತಾರೆ,” ಎಂದರು ಜಲಜಕ್ಕ. “ಆದ್ರೆ ಈಗ ಅಲ್ಲಿ ಯಾರಾದ್ರೂ ಇರ್ತಾರೆ.”