ಯಾರೂ ಕೇಳದಂಥ ಕ್ಯಾಮರಾ

ನನಗೊಂದು ಕ್ಯಾಮರಾ ಬೇಕು ಎಂದಾಗ ಗಂಡ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಫೋನಲ್ಲಿ ಉಂಟಲ್ಲ" ಎಂದರು. ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗನೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಜಗಳಕ್ಕೂ ತ್ರಾಣ ಬೇಕಲ್ಲ, ನಾನು ಅಡುಗೆಮನೆಗೆ ಹೋದೆ.

ಮಕ್ಕಳಿಬ್ಬರೂ ಓದಲು ಊರಿಗೆ ಹೋದ ಮೇಲೆ ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ನನಗೆ ಕೆಲಸವೇ ಉಳಿದಿರಲಿಲ್ಲ. ಶಾಲೆಗೆ ಬಿಡು, ಕರೆದು ತಾ, ಟ್ಯೂಷನ್ನಿಗೆ ಬಿಡು, ಮತ್ತೆ ಕರೆದು ತಾ ಎಂದು ಅರ್ಧ ಆಯುಷ್ಯವನ್ನು ಸ್ಟೇರಿಂಗಿನ ಹಿಂದೆಯೇ ಕಳೆದವಳು ನಾನು. ಅದು ನಿಂತ ಮೇಲೆ ಹಾಯಾಗಿರಬೇಕಿತ್ತು. ಆಗಲಿಲ್ಲ, ಅಷ್ಟೂ ವರ್ಷಗಳ ದಣಿವು ಒಟ್ಟಿಗೆ ಬಂದು ಮೈಮೇಲೆ ಕೂತಿತು. ಬೆಳಗ್ಗೆ ಕಡಲ ತೀರಕ್ಕೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಮೀನುಗಾರರು ಬಲೆ ಎಳೆಯುವಾಗ ಕಡಲಕ್ಕಿಗಳು ಬಂದು ಮುತ್ತುತ್ತಿದ್ದವು. ಅದೊಂದನ್ನು ನೋಡುವಾಗ ಮಾತ್ರ ಮನಸ್ಸು ಎಚ್ಚರವಾಗುತ್ತಿತ್ತು. ಫೋನಿನಲ್ಲಿ ತೆಗೆದರೆ ಹಕ್ಕಿಗಳೆಲ್ಲ ನೆಲಕ್ಕೆ ಚೆಲ್ಲಿದ ನುಚ್ಚಕ್ಕಿಯ ಹಾಗೆ ಕಾಣುತ್ತಿದ್ದವು. ಅದೂ ಮನೆಗೆ ಬಂದ ಮೇಲೆ. ಅಲ್ಲಿಯ ಬಿಸಿಲಿನಲ್ಲಿ ಪರದೆಯ ಮೇಲೆ ಕಾಣುತ್ತಿದ್ದುದು ನನ್ನದೇ ಮುಖ.

ಕೊನೆಗೊಂದು ಶುಕ್ರವಾರ ಗಂಡ ಅಲ್ ಖುವೈರಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಕ್ಯಾಮರಾ ಬೇಕಾದದ್ದು ನನಗೆ, ಮಾರುವ ಹುಡುಗ ವಿವರಿಸಿದ್ದು ಅವರಿಗೆ. ಮಾತು ಸಾಗುತ್ತಿರುವಾಗ ನಾನು ಗಾಜಿನ ಕೌಂಟರಿನ ಮೇಲಿದ್ದ ಚಿಕ್ಕ ಕಪ್ಪು ಕ್ಯಾಮರಾ ಒಂದನ್ನು ಎತ್ತಿಕೊಂಡೆ. ಹಗುರವಾಗಿತ್ತು. ಕಣ್ಣಿಟ್ಟು ನೋಡುವ ಕಿಂಡಿಯಿತ್ತು, ಬಿಸಿಲಿಗೆ ಹೆದರಬೇಕಾಗಿರಲಿಲ್ಲ. ಕಲಿಯುವವರಿಗೆ ಹೇಳಿ ಮಾಡಿಸಿದಂಥದ್ದು, ಆಫರಿನಲ್ಲಿ ಬೆಲೆಯೂ ನಮ್ಮ ಕೈಗೆ ಎಟಕುವಂತಿತ್ತು. "ಇದೇ ಇರಲಿ" ಎನ್ನಲು ಬಾಯಿ ತೆರೆದವಳಿಗೆ ನಾದಿನಿಯ ನೆನಪಾಯಿತು.

ಮುಂದಿನ ತಿಂಗಳೇ ನಾವು ರಜೆಯಲ್ಲಿ ಊರಿಗೆ ಹೊರಟಿದ್ದೆವು. ಗಲ್ಫಿನವರು ಊರಿಗೆ ಹೋಗುವುದೆಂದರೆ ಏನೆಂದು ಗಲ್ಫಿನವರಿಗೇ ಗೊತ್ತು. ಪೆಟ್ಟಿಗೆಯಲ್ಲಿದ್ದದ್ದು ಹೇಗೂ ಊರಿನವರದು. ಮೈಮೇಲಿದ್ದದ್ದೂ ನಮ್ಮದೆನ್ನುವ ಖಾತರಿಯಿಲ್ಲ. ನನ್ನ ಕೈಗಡಿಯಾರ, ಹೆಗಲಲ್ಲಿದ್ದ ಬ್ಯಾಗು, ಒಮ್ಮೆ ಕಾಲಲ್ಲಿದ್ದ ಚಪ್ಪಲಿ ಕೂಡ ಅಲ್ಲೇ ಉಳಿದಿವೆ. ಗಂಡನ ತಂಗಿ ಕೆಟ್ಟವಳಲ್ಲ, ಕೇಳುವುದೂ ನಗುನಗುತ್ತಲೇ. "ಅತ್ತಿಗೆ, ಇದು ನನಗಿರಲಿ. ನಿಮಗೆ ಅಲ್ಲಿ ಬೇರೆ ಸಿಗ್ತದಲ್ಲ." ಮಗ ಹುಟ್ಟಿದಾಗ ಗಂಡ ತಂದಿದ್ದ ಬೆಳ್ಳಿ ಬಣ್ಣದ ಪುಟ್ಟ ಕ್ಯಾಮರಾ ಹೋದದ್ದೂ ಹೀಗೆಯೇ, ನಾನು ಅದರ ಗುಂಡಿ ಒತ್ತಲು ಕಲಿಯುವ ಮೊದಲು. ಬೇರೆ ಸಿಗಲಿಲ್ಲ. ಯಾವಾಗಲೂ ಬೇರೇನೋ ಖರ್ಚು ಬರುತ್ತಿತ್ತು.

ಹಾಗಾದರೆ ಮಸ್ಕತ್ತಿನಲ್ಲೇ ಬಿಟ್ಟು ಹೋಗಬಹುದಿತ್ತಲ್ಲ ಎನ್ನಬಹುದು. ಹೋಗುತ್ತಿದ್ದುದೇ ಮಕ್ಕಳನ್ನು ನೋಡಲು. ಅವರ ಫೋಟೊ ತೆಗೆಯದ ಮೇಲೆ ಕ್ಯಾಮರಾ ಯಾಕೆ? ಜೊತೆಗೇ ಹೋಗಬೇಕು, ಜೊತೆಗೇ ವಾಪಸು ಬರಬೇಕು. ಈ ಒಂದು ವಸ್ತು ನನ್ನದಾಗಿಯೇ ಉಳಿಯಬೇಕು. ಕಪ್ಪು ಕ್ಯಾಮರಾವನ್ನು ಗಾಜಿನ ಮೇಲೆ ಇಟ್ಟುಬಿಟ್ಟೆ. ಗಂಡನಿಗೆ ಸಿಟ್ಟು ಬಂತು. "ನಿನಗೆ ಎಂತ ಬೇಕಂತ ನಿನಗೇ ಗೊತ್ತಿಲ್ಲ ಮಾರಾಯ್ತಿ" ಎಂದರು.

ಗೊತ್ತಿತ್ತು. ಯಾರೂ ಕೇಳದಂಥದ್ದು ಬೇಕಿತ್ತು. ಅಲ್ ಮಬೇಲಾದಲ್ಲಿ ವರ್ಕ್‌ಶಾಪುಗಳ ನಡುವೆ ಹಳೆಯ ಸಾಮಾನು ಮಾರುವ ಅಂಗಡಿಯೊಂದಿದೆ, ಅಲ್ಲಿಗೆ ಹೋದೆವು. ಅಂಗಡಿಯವನು ಇದ್ದುದರಲ್ಲಿ ಚೆನ್ನಾಗಿದ್ದ ಕ್ಯಾಮರಾಗಳನ್ನು ಒರೆಸಿ ಒರೆಸಿ ಮುಂದಿಟ್ಟ. ನಾನು ಹಿಂದಿಯಲ್ಲಿ, ಇದಕ್ಕಿಂತ ಹಳೆಯದಾಗಿ ಕಾಣುವಂಥದ್ದು ಇದೆಯೇ ಎಂದು ಕೇಳಿದೆ. ಅವನು ನನ್ನನ್ನು ನೋಡಿದ, ನನ್ನ ಗಂಡನನ್ನು ನೋಡಿದ, ಒಳಗೆ ಹೋಗಿ ಇಟ್ಟಿಗೆಯಂಥದ್ದೊಂದನ್ನು ತಂದ. ಮೈತುಂಬ ಗೀರು, ಹಿಡಿಯುವಲ್ಲಿ ರಬ್ಬರು ಕಿತ್ತು ಅಂಟಿನ ಕಲೆ. ಜೂಮ್ ತಿರುಗಿಸಿದರೆ ನಡುವೆ ಒಮ್ಮೆ ಸಿಕ್ಕಿಕೊಂಡು ಮುಂದೆ ಹೋಗುತ್ತಿತ್ತು. ಆದರೆ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನ ಗ್ಯಾರೇಜಿನ ಬೋರ್ಡು ಸ್ಪಷ್ಟವಾಗಿ ಕಂಡಿತು. "ಯಲ್ಲಾ, ಇದೇ ಸಾಕು" ಎಂದು ಅರಬ್ಬಿ ಬೆರೆಸಿ ಹೇಳಿದೆ.

ಮರುದಿನ ಮುಂಜಾನೆ ಎಸಿಯಿಂದ ನೇರ ತೀರಕ್ಕೆ ಒಯ್ದರೆ ಲೆನ್ಸಿನ ತುಂಬ ಹಬೆ. ಒರೆಸಿದಷ್ಟೂ ಮತ್ತೆ ಕೂರುತ್ತಿತ್ತು. ಫೋಟೊದಲ್ಲಿ ಕಡಲೂ ಇಲ್ಲ, ಹಕ್ಕಿಯೂ ಇಲ್ಲ. "ದುಡ್ಡು ಕೊಟ್ಟು ಮಂಜು ತಕ್ಕೊಂಡದ್ದಾ?" ಎಂದು ಗಂಡ ನಕ್ಕರು. ನನ್ನ ಹಾಗೆ ಅದೂ ತಣ್ಣನೆಯ ಕೋಣೆಗೆ ಒಗ್ಗಿಹೋಗಿತ್ತು, ಹೊರಗಿನ ಸೆಕೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಕಾಯುವುದನ್ನು ಕಲಿತೆ. ಊರಿಗೆ ಹೊರಡುವ ಹೊತ್ತಿಗೆ ರೆಕ್ಕೆ ಬಿಚ್ಚಿದ ಒಂದು ಹಕ್ಕಿ ಸರಿಯಾಗಿ ಸಿಕ್ಕಿತ್ತು. ಅದರ ಕಣ್ಣು ಕೂಡ ಕಾಣುತ್ತಿತ್ತು.

ಮಂಗಳೂರಿನಲ್ಲಿ ನಾದಿನಿಯ ಫ್ಲ್ಯಾಟಿಗೆ ಹೋದಾಗ ಕ್ಯಾಮರಾವನ್ನು ಬೇಕೆಂದೇ ಕೊರಳಿಗೆ ನೇತುಹಾಕಿಕೊಂಡಿದ್ದೆ. ಪೆಟ್ಟಿಗೆ ಬಿಚ್ಚಿ ಖರ್ಜೂರ, ಅತ್ತರು, ಹಾಲಿನ ಪುಡಿ, ಕಂಬಳಿ ಎಲ್ಲ ಮೇಜಿನ ಮೇಲಿಟ್ಟೆ. ಅವಳು ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು, "ಇದೆಲ್ಲ ಯಾಕೆ ಹೊತ್ತು ತಂದದ್ದು ಅತ್ತಿಗೆ? ಈಗ ಮೊಬೈಲಲ್ಲಿ ಒತ್ತಿದ್ರೆ ಬಾಗಿಲಿಗೇ ಬರ್ತದೆ" ಎಂದಳು. ಅತ್ತರಿನ ಮುಚ್ಚಳ ಕೂಡ ತೆಗೆಯಲಿಲ್ಲ.

ಅಷ್ಟರಲ್ಲಿ ಅವಳ ಮಗಳು ಕಾಲೇಜಿನಿಂದ ಬಂದಳು. ನನ್ನ ಕೊರಳನ್ನು ನೋಡಿ, "ಮಾಮಿ, ಇದೆಂತ? ಮ್ಯೂಸಿಯಮ್ಮಿಂದ ತಂದದ್ದಾ?" ಎಂದು ನಕ್ಕಳು. ಒಳಗೆ ಓಡಿ ತನ್ನದನ್ನು ತಂದು ನನ್ನ ಕೈಗಿಟ್ಟಳು. ಚಿಕ್ಕದು, ಕಪ್ಪು, ಹಗುರ. ಅಲ್ ಖುವೈರಿನ ಅಂಗಡಿಯಲ್ಲಿ ನಾನು ಬಿಟ್ಟು ಬಂದಂಥದ್ದೇ.

"ನೀವು ಇದನ್ನು ತಕ್ಕೊಂಡು ಹೋಗಿ ಮಾಮಿ. ನನಗೆ ಇಲ್ಲಿ ಬೇರೆ ಸಿಗ್ತದೆ."

ಮಗುವಿನ ಮನಸ್ಸು, ಪ್ರೀತಿಯಿಂದಲೇ ಹೇಳಿದ್ದು. ನಾದಿನಿ ಎದ್ದು ಚಹಾ ಮಾಡಲು ಹೋದಳು. ನನಗೆ ಆ ಕ್ಯಾಮರಾ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಬೆರಳು ತಾನಾಗಿ ಗುಂಡಿಯ ಮೇಲೆ ಹೋಗಿ ಕೂತಿತ್ತು. "ಬೇಡ ಮಗಾ, ನನಗೆ ಇದೇ ಅಭ್ಯಾಸ ಆಗಿದೆ" ಎಂದು ವಾಪಸು ಕೊಟ್ಟೆ. ಕೊಟ್ಟೂ ಕೊಟ್ಟೂ ಸಾಕಾಗಿದೆ ಎಂದು ಗೊಣಗುತ್ತಲೇ ಇಷ್ಟು ವರ್ಷ ಕಳೆದವಳು ನಾನು. ಇನ್ನು ಯಾರಿಗೂ ಏನೂ ಬೇಡ ಎಂದು ತಿಳಿದಾಗ ಸಂತೋಷವಾಗಬೇಕಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹೊರಡುವ ದಿನ ನಾದಿನಿ ಅತ್ತರು, ಕಂಬಳಿ, ಹಾಲಿನ ಪುಡಿಗಳನ್ನು ತಾನೇ ಜೋಡಿಸಿ ನನ್ನ ಪೆಟ್ಟಿಗೆಗೆ ತುಂಬಿದಳು, ನಿಮಗೇ ಉಪಯೋಗಕ್ಕೆ ಬರುತ್ತದೆ ಎಂದು. ಮಸ್ಕತ್ತಿನಲ್ಲಿ ಇಳಿದು ಪೆಟ್ಟಿಗೆಯನ್ನು ಟ್ರಾಲಿಗೆ ಎತ್ತುತ್ತ ಗಂಡ ಉಸಿರು ಬಿಟ್ಟರು.

"ಇದೆಂತ ಮಾರಾಯ್ತಿ, ಹೋಗುವಾಗಿನಷ್ಟೇ ಭಾರ ಉಂಟಲ್ಲ?"

"ಯಾರೂ ಕೇಳ್ಲಿಲ್ಲ" ಎಂದೆ.