ಮಗ್ಗದ ಓಣಿಗೆ ಹೋದ ಅಕ್ಕನ ಕ್ಯಾಸೆಟ್ಟು

ನನ್ನ ಅಕ್ಕನ ದನಿ ಗಡಸು. ನಮ್ಮೂರು ಬೈಲಹೊಂಗಲದ ಆರ್ಕೆಸ್ಟ್ರಾದವರು ಅವಳ ಹಾಡು ಕೇಳಿ, "ಚಲೋ ಹಾಡ್ತೀರಿ ಅಕ್ಕಾರ, ಆದ್ರ ದನಿ ಸ್ವಲ್ಪ ಇಂಪ ಬೇಕಾಗಿತ್ರಿ" ಎಂದು ಚಹಾ ಕುಡಿಸಿ ಕಳಿಸಿದ್ದರು. ಅಕ್ಕ ಮುರಗೋಡದ ಹತ್ತಿರದ ಶಾಲೆಯೊಂದರಲ್ಲಿ ಶಿಕ್ಷಕಿ. ನಡುವೆ ಗೋಡೆಯಿಲ್ಲದ ತರಗತಿಗಳಲ್ಲಿ ಕೂಗಿ ಕೂಗಿ ಹಾಗಾಯಿತೆಂದು ಅವ್ವ ಹೇಳುತ್ತಿದ್ದಳು. ನನಗೆ ತಿಳಿದ ಮಟ್ಟಿಗೆ ಆ ದನಿ ಮೊದಲಿನಿಂದಲೂ ಹಾಗೇ ಇತ್ತು.

ನಮ್ಮ ಸೋದರಮಾವ ಮಿಲಿಟರಿ ಬ್ಯಾಂಡಿನಲ್ಲಿ ನೌಕರಿ ಮಾಡಿ ನಿವೃತ್ತನಾಗಿ ಊರಿಗೆ ಬಂದಿದ್ದ. ಬರುವಾಗ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು, ಹಚ್ಚಿದರೆ ಒಳಗೆ ವಾಲ್ವುಗಳು ಕೆಂಪಗೆ ಹೊಳೆಯುವ ಒಂದು ಆಂಪ್ಲಿಫೈಯರು, ಟ್ರಂಕಿನ ತುಂಬ ತನ್ನ ಹರೆಯದ ಕಾಲದ ರಾಕ್ ಸಂಗೀತದ ರೆಕಾರ್ಡುಗಳನ್ನು ತಂದಿದ್ದ. ರವಿವಾರ ಮಧ್ಯಾಹ್ನ ಅವನ್ನು ನಮ್ಮ ಮನೆಯಲ್ಲಿ ಹಚ್ಚುತ್ತಿದ್ದ. ಮಾತು ನಮಗೊಂದೂ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಆ ಧಾಟಿಗೆ ತನಗೆ ತೋಚಿದ ಕನ್ನಡ ಮಾತು ಹೊಂದಿಸಿ ದನಿ ಎತ್ತಿದಳು. ಮಾವ ರೆಕಾರ್ಡಿನ ಮುಳ್ಳು ಎತ್ತಿಬಿಟ್ಟ.

"ಇನ್ನೊಮ್ಮೆ ಹಾಡವ್ವಾ."

"ಏ ಬಿಡೋ ಮಾಮಾ, ನನ್ನ ದನಿ ಗಡಸ ಐತಿ."

"ಗಡಸ ಐತಿ ಅಂತನ ಹೇಳಾಕತ್ತೇನಿ. ಹಾಡು."

ಬ್ಯಾಂಡು ಹುಟ್ಟಿದ್ದು ಹೀಗೆ. ಗಿಟಾರಿಗೆ ಮಾವನ ಮಗ. ಡ್ರಮ್ಮಿಗೆ ಮದುವೆ ಮೆರವಣಿಗೆಯಲ್ಲಿ ತಾಸೆ ಬಾರಿಸುತ್ತಿದ್ದ ನಮ್ಮ ಓಣಿಯ ಗೆಳೆಯ. ಅರಳೆ ಗಿರಣಿಯಲ್ಲಿ ಕೆಲಸಕ್ಕಿದ್ದ ನನಗೆ, ಬೇರೆ ಯಾರೂ ಮುಟ್ಟಲೊಲ್ಲದ ಬೇಸ್ ಗಿಟಾರು ಬಂತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಎಲ್ಲಿ ನೋಡಿದರೂ ಕೀಬೋರ್ಡು, ತಾನೇ ತಾಳ ಹಾಕುವ ಯಂತ್ರ. ಮಾವ ಮಾತ್ರ ತನ್ನ ಕಾಲದಲ್ಲಿ ಇಲ್ಲದಿದ್ದ ಸಾಮಾನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೀಗಾಗಿ ನಮ್ಮ ಸಂಗೀತ ಹುಟ್ಟಿದ ದಿನವೇ ಹಳೆಯದಾಗಿತ್ತು.

ಹಾಡು ಬರೆದವಳು ಅಕ್ಕ. ಸಂಜೆ ಶಾಲೆ ಬಿಟ್ಟು ಮುರಗೋಡದ ಸ್ಟ್ಯಾಂಡಿಗೆ ಓಡಿ ಬರುವಷ್ಟರಲ್ಲಿ ಸವದತ್ತಿಯಿಂದ ಬರುವ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಆ ಸಿಟ್ಟಿನಲ್ಲಿ ಒಂದು ಹಾಡು ಕಟ್ಟಿದ್ದಳು: "ಸವದತ್ತಿ ಬಸ್ಸ ಹೋತ, ಧೂಳ ನನಗ ಬಿಟ್ಟ ಹೋತ." ಓದಿದರೆ ನಗು ಬರುವಂಥದ್ದು. ಅವಳು ಹಾಡಿದರೆ, ಬರಬೇಕಾದದ್ದೆಲ್ಲ ಬಾರದೆ ಹೋದವರ ಹಾಡಾಗುತ್ತಿತ್ತು.

ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ನಿಂತು, ಒಂದೇ ಉಸಿರಿಗೆ ಬಾರಿಸಿ ಹಾಡಿ ನಮ್ಮ ಮೊದಲ ಕ್ಯಾಸೆಟ್ಟು ಮಾಡಿದೆವು. ಹೊದಿಕೆಯ ಮೇಲೆ ಎರೆಹೊಲದಲ್ಲಿ ನಿಂತ ನಮ್ಮ ಫೋಟೋ ಇತ್ತು. ಬಿಸಿಲಿಗೆ ಎಲ್ಲರೂ ಕಣ್ಣು ಕಿರಿದು ಮಾಡಿದ್ದೆವು. ಯಾರ ಮುಖವೂ ಗುರುತು ಹತ್ತುವಂತಿರಲಿಲ್ಲ.

ಊರಿನ ಜನ ಅದನ್ನು ಹೇಗೆ ಬರಮಾಡಿಕೊಂಡರೆಂದು ಹೇಳಬೇಕು. ಮಾವನಿಗೆ ಜೀವವಾಗಿದ್ದದ್ದು ಆ ಹಳೆಯ ಆಂಪ್ಲಿಫೈಯರಿನಿಂದ ಹೊರಡುವ ಗಿಟಾರಿನ ಹರಕು, ಗೊರಗೊರ ದನಿ. ಕೊಂಡ ಮೊದಲನೆಯವರೇ ಮರುದಿನ ಕ್ಯಾಸೆಟ್ಟು ತಿರುಗಿ ತಂದು ಅಂಗಡಿಯವರ ಮುಂದೆ ಇಟ್ಟರು.

"ಟೇಪ್ ಕೆಟ್ಟೈತ್ರಿ. ಬರೇ ಗರ್ ಅಂತೈತಿ. ಬ್ಯಾರೇದ ಕೊಡ್ರಿ."

ಅಂಗಡಿಯವರು ಬೇರೆಯದು ಕೊಟ್ಟರು. ಅದೂ ಗರ್ ಅಂದಿತು. ಅಂಗಡಿಯವರಿಗೇ ಅನುಮಾನ ಬಂದು ನನ್ನನ್ನು ಕರೆದು ಕೇಳಿದರು, "ಖರೇ ಹೇಳ್ರಿ, ಇದು ಹಿಂಗ ಇರೂದೇನ?"

ಸವದತ್ತಿಯ ಅಂಗಡಿಯವರು ಗಂಟು ಬಿಚ್ಚದೆಯೇ ವಾಪಸು ಕಳಿಸಿದರು. ಕಿತ್ತೂರಿನಲ್ಲಿ ಒಂದು ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ ಕರೆದಿದ್ದರು. ಎರಡನೆಯ ಹಾಡಿಗೆ ಹುಡುಗರು ಸಿನಿಮಾ ಹಾಡು ಹಾಡಿರೆಂದು ಕೂಗತೊಡಗಿದರು. ಅಕ್ಕ ನಿಲ್ಲಿಸಲಿಲ್ಲ. ಹಾಡು ಪೂರ್ತಿ ಮುಗಿಸಿ, ಮೈಕನ್ನು ಅದರ ಕಂಬಕ್ಕೆ ಸಿಗಿಸಿ, ಕೆಳಗಿಳಿದು ಬಂದಳು. ಉಳಿದ ಕ್ಯಾಸೆಟ್ಟುಗಳನ್ನು ಅವ್ವ ಜೋಳದ ಚೀಲದ ಪಕ್ಕ ಜೋಡಿಸಿ ಮೇಲೆ ಹಳೆಯ ಸೀರೆ ಹೊದಿಸಿದಳು.

ಹಾಗೇ ಕೆಲವು ತಿಂಗಳು ಕಳೆದವು. ಒಂದು ದಿನ, ನಾವು ಮೊದಲು ಕೆಲವು ಕ್ಯಾಸೆಟ್ಟು ಕೊಟ್ಟು ಬಂದಿದ್ದ ರಾಮದುರ್ಗದ ಅಂಗಡಿಯವರಿಂದ ಪರಿಚಯದ ಕಂಡಕ್ಟರರ ಕೈಯಲ್ಲಿ ಹೇಳಿಕೆ ಬಂತು: ಇದ್ದಷ್ಟೂ ಕ್ಯಾಸೆಟ್ಟು ಕಳಿಸಿರಿ. ಯಾರೋ ತಮಾಷೆ ಮಾಡುತ್ತಿದ್ದಾರೆಂದೇ ನಾವು ತಿಳಿದೆವು. ಶಾಲೆಗೆ ಸೂಟಿ ಇದ್ದ ದಿನ ಅಕ್ಕ ಮತ್ತು ನಾನು ಒಂದು ರಟ್ಟಿನ ಡಬ್ಬಿ ತುಂಬಿಕೊಂಡು ಹೊರಟೆವು. ಅಂಗಡಿಯವರು ಡಬ್ಬಿ ಇಸಿದುಕೊಂಡು, "ನೇಕಾರ ಓಣಿಗೆ ಹೋಗಿ ನೋಡ್ರಿ. ನಾ ಹೇಳಿದ್ರ ನೀವು ನಂಬೂದಿಲ್ಲ" ಎಂದರು.

ಓಣಿಗೆ ಕಾಲಿಡುವ ಮೊದಲೇ ಮಗ್ಗಗಳ ಸಪ್ಪಳ ಕಿವಿಗೆ ಬಡಿಯಿತು. ಸಾಲಾಗಿ ವಿದ್ಯುತ್ ಮಗ್ಗದ ಶೆಡ್ಡುಗಳು. ಒಂದರ ಬಾಗಿಲಲ್ಲಿ ನಿಂತೆವು. ಒಳಗೆ ಗಂಡಸರೂ ಹೆಂಗಸರೂ ಮಗ್ಗಗಳ ನಡುವೆ ಓಡಾಡುತ್ತಿದ್ದರು. ಲಾಳಿಗಳ ಹೊಡೆತಕ್ಕೆ ನೆಲ ನಡುಗುತ್ತಿತ್ತು. ಗೋಡೆಯ ಗೂಡಿನಲ್ಲಿ ಒಂದು ದೊಡ್ಡ ಟೇಪ್ ರೆಕಾರ್ಡರ್ ಇತ್ತು. ಅದು ಓಡುತ್ತಿದೆಯೋ ಇಲ್ಲವೋ ಗೊತ್ತಾಗುವಂತಿರಲಿಲ್ಲ. ಆಮೇಲೆ ಅಂಗಾಲಿನಿಂದ ಏನೋ ಏರಿಬಂದಂತಾಯಿತು. ಮಗ್ಗದ ತಾಳದ ಒಳಗೆ ಇನ್ನೊಂದು ತಾಳ. ನಮ್ಮ ಗೆಳೆಯನ ಡ್ರಮ್ಮು, ಅದರ ಕೆಳಗೆ ನನ್ನ ಬೇಸು.

ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಒಬ್ಬ ಹಿರಿಯ ಹೆಂಗಸು ನಮ್ಮನ್ನು ಕಂಡು ಹೊರಗೆ ಬಂದಳು. ನಾನು ಟೇಪಿನ ಕಡೆ ಬೆರಳು ಮಾಡಿ, "ಏನ್ ಹಾಡ್ರಿ ಅದು?" ಎಂದು ಕಿವಿಯ ಹತ್ತಿರ ಕೂಗಿದೆ.

"ಬ್ಯಾರೆ ಹಾಡು ಈ ಸಪ್ಪಳದಾಗ ಸತ್ತ ಹೋಗತಾವ್ರಿ. ಇದೊಂದು ಸಾಯಂಗಿಲ್ಲ. ಹಾಡೂ ಹೆಣ್ಮಗಳಿಗೆ ನಮ್ಮಂಗ ಕೂಗಿ ಮಾತಾಡಿ ರೂಢಿ ಇರಬೇಕ ನೋಡ್ರಿ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಕರೆಂಟು ಹೋಯಿತು.

ಇಡೀ ಓಣಿಯ ಮಗ್ಗಗಳು ಒಮ್ಮೆಗೇ ನಿಂತವು. ಅಂಥ ನಿಶ್ಶಬ್ದವನ್ನು ನಾನು ಮತ್ತೆಂದೂ ಕೇಳಿಲ್ಲ. ಟೇಪಿನೊಳಗೆ ಸೆಲ್ಲುಗಳಿದ್ದವು, ಅದು ನಿಲ್ಲಲಿಲ್ಲ. ಅಕ್ಕನ ದನಿ ತಗಡಿನ ಸೂರಿನವರೆಗೂ ತುಂಬಿಕೊಂಡಿತು. ಪಕ್ಕದ ಶೆಡ್ಡಿನಿಂದಲೂ ಅದೇ ಕ್ಯಾಸೆಟ್ಟು, ಒಂದು ಸಾಲು ಹಿಂದೆ ಬಿದ್ದು, ಕೇಳುತ್ತಿತ್ತು. ಬೆವರು ಒರೆಸಿಕೊಳ್ಳುತ್ತಿದ್ದ ಒಬ್ಬ ನೇಕಾರ ಮೆಲ್ಲಗೆ ದನಿ ಸೇರಿಸಿದ. ಆಮೇಲೆ ಕಂಡಿಕೆಯ ಹೆಂಗಸರು. "ಧೂಳ ನನಗ ಬಿಟ್ಟ ಹೋತ" ಎಂಬಲ್ಲಿ ಎಲ್ಲರೂ ಒಟ್ಟಿಗೆ ಎತ್ತಿದರು. ಒಂದು ಅಕ್ಷರವೂ ತಪ್ಪಲಿಲ್ಲ. ಅಕ್ಕನ ಕಡೆ ನೋಡಿದೆ. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಆ ಹಾಡಿಗೆ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು ಟೇಪು ಟಕ್ಕೆಂದು ನಿಂತಿತು. ಜನ ಮಾತ್ರ ಕೊನೆಯ ಸಾಲನ್ನು ಹಿಡಿದುಕೊಂಡೇ ಇದ್ದರು. ಆಗ ಅಕ್ಕ ಹಾಡಿದಳು. ಹೊಸ್ತಿಲಲ್ಲೇ ನಿಂತು, ಸೆರಗು ಬಿಟ್ಟು, ಹಾಡನ್ನು ಮೊದಲಿನಿಂದ ಎತ್ತಿಕೊಂಡಳು. ಎಲ್ಲರೂ ತಿರುಗಿದರು. ಹಿರಿಯ ಹೆಂಗಸಿನ ಕೈಯಿಂದ ಕಂಡಿಕೆ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು.

"ನೀವ ಏನ್ರಿ ತಾಯೀ?"

ಅಕ್ಕ ಹಾಡುತ್ತಲೇ ತಲೆಯಾಡಿಸಿದಳು. ನಡುವೆ ಕರೆಂಟು ಬಂತು, ಬಲ್ಬು ಹತ್ತಿತು. ಯಾರೂ ಮಗ್ಗದ ಗುಂಡಿ ಒತ್ತಲಿಲ್ಲ. ಹಾಡು ಮುಗಿದ ಮೇಲೆ ಹೆಂಗಸರು ಅವಳ ಸುತ್ತ ನೆರೆದರು. ಒಬ್ಬಳು ಅವಳ ಗಂಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದಳು.

ಮುಂದೆ ರಾಮದುರ್ಗದಲ್ಲಿ ನಾವು ಎಷ್ಟೋ ಸಲ ಹಾಡಿದೆವು. ಕ್ಯಾಸೆಟ್ಟನ್ನು ಮತ್ತೆ ಮತ್ತೆ ಮಾಡಿಸಬೇಕಾಯಿತು. ಬೈಲಹೊಂಗಲದವರೂ ತಡವಾಗಿ, "ನಮ್ಮೂರವರ" ಎಂದು ಹೇಳಿಕೊಂಡರು. ಎರಡನೆಯ ಕ್ಯಾಸೆಟ್ಟು ಮಾತ್ರ ಆಗಲಿಲ್ಲ. ಸಿ.ಡಿ. ಬಂತು, ಅಕ್ಕನಿಗೆ ದೂರದೂರಿಗೆ ವರ್ಗವಾಯಿತು, ಕೈಕಾಲು ಸೋತ ಮಾವ ಡ್ರಮ್ಮಿನ ಗೆಳೆಯನಿಗೆ ಆಂಪ್ಲಿಫೈಯರು ಕೊಟ್ಟುಬಿಟ್ಟ. ಬ್ಯಾಂಡು ಜಗಳವಿಲ್ಲದೆ ನಿಂತುಹೋಯಿತು.

ಆ ಮೊದಲ ಸಲ ರಾಮದುರ್ಗದಿಂದ ಬಂದ ಸಂಜೆ ನಡೆದದ್ದನ್ನೆಲ್ಲ ಮಾವನಿಗೆ ಹೇಳಿದ್ದೆವು. ಅವನು ನಂಬಲಿಲ್ಲ. ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದ. ತಿರುಗಿ ಬಂದಾಗ ನಾವು ಊಟಕ್ಕೆ ಕುಳಿತಿದ್ದೆವು. ಕೈಕಾಲು ತೊಳೆದು ಬಂದು ಗೋಡೆಗೆ ಒರಗಿ ಕುಳಿತ.

ಅವ್ವ ತಾಟು ಹಚ್ಚುತ್ತ ಕೇಳಿದಳು, "ಕೇಳಿ ಬಂದ್ಯಾ?"

"ಹ್ಞೂಂ."

"ಏನಂದ್ರು ಜನಾ?"

ಮಾವ ರೊಟ್ಟಿ ಮುರಿದ. "ನಾ ಯಾರ್ನೂ ಮಾತಾಡ್ಸಲಿಲ್ಲವಾ," ಎಂದ. "ಸಂಜಿತನಕ ಹೊರಗ ಕಟ್ಟಿ ಮ್ಯಾಲ ಕೇಳ್ಕೋತ ಕುಂತಿದ್ದೆ. ಬಸ್ಸಿನ ಹೊತ್ತಾತು ಅಂತ ಎದ್ದ ಬಂದೆ."