ಡೆಟ್ರಾಯಿಟ್‌ ಹಾಡುಗಾರ್ತಿಗೆ ಐದೇ ನಿಮಿಷ

ಲಂಡನ್ನಿನ ಕ್ರೋಯ್ಡನ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಡೆ ಎಂಬತ್ತರ ಹತ್ತಿರದ ಕಪ್ಪು ಹೆಂಗಸೊಬ್ಬರಿದ್ದಾರೆ. ಹುಟ್ಟೂರು ಅಮೆರಿಕದ ಡೆಟ್ರಾಯಿಟ್. ಅಲ್ಲಿನ ಚರ್ಚಿನಲ್ಲಿ, ಆಮೇಲೆ ಸ್ಟುಡಿಯೋಗಳಲ್ಲಿ ಹಾಡುತ್ತಿದ್ದವರು. ತಂಡದ ಜೊತೆ ಲಂಡನ್ನಿಗೆ ಬಂದು, ಇಲ್ಲಿಯ ಬಸ್ ಡ್ರೈವರೊಬ್ಬರನ್ನು ಮದುವೆಯಾಗಿ ಉಳಿದುಬಿಟ್ಟರು. ನಾವು ಧಾರವಾಡದಿಂದ ಬಂದ ಹೊಸದರಲ್ಲಿ ನಮ್ಮ ಜನ ಮನೆ ನೋಡಲು ಬಂದಾಗೆಲ್ಲ ದನಿ ತಗ್ಗಿಸಿ, "ಕೆಳಗೆ ಅವರಿದ್ದಾರೆ, ಹುಷಾರು" ಎನ್ನುತ್ತಿದ್ದರು. ಅವರಿಂದ ನನಗೆ ಆದ ಅಪಾಯ ಒಂದೇ: ಭಾನುವಾರಕ್ಕೊಂದು ಕೇಕು ತಿಂದು ದಪ್ಪಗಾದೆ.

ಒಮ್ಮೆ ಚಹಾ ಕುಡಿಯುತ್ತ ಹೇಳಿದರು: "ನಮ್ಮೂರಲ್ಲಿ ಹಗಲೆಲ್ಲ ಕಾರ್ ಫ್ಯಾಕ್ಟರಿಯಲ್ಲಿ ದುಡಿದವರು ಸಂಜೆ ಕ್ಲಬ್ಬಿನಲ್ಲಿ ಹಾಡ್ತಿದ್ದರು. ನಾವು ಮೂವರು ಹುಡುಗಿಯರು ಹಾಡಿದ ಮೊದಲ ರೆಕಾರ್ಡ್ ಬಂತು. ಕವರ್ ಮೇಲೆ ಸಮುದ್ರದ ದಂಡೆಯಲ್ಲಿ ಕೂತ ಬಿಳಿಯ ಜೋಡಿ! ಕಪ್ಪು ಮುಖ ಇದ್ದರೆ ಅಂಗಡಿಯವರು ಇಡೋದಿಲ್ಲವಂತೆ. ನನ್ನಮ್ಮ ಅದನ್ನು ಹಿಡಿದು 'ಇದರಲ್ಲಿ ನನ್ನ ಮಗಳಿದ್ದಾಳೆ' ಅಂದರೆ ಜನ ಮರಳಿನ ಹಿಂದೆಲ್ಲ ಹುಡುಕೋರು."

ಹೋದ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕೌನ್ಸಿಲರ್ ಬರುವುದೆಂದಾಯಿತು. ಅಧ್ಯಕ್ಷರು ಬೆಂಗಳೂರಿನ ಐಟಿಯವರು. ನನಗೆ ಫೋನ್ ಮಾಡಿ, "ಮೇಡಂ, ಸ್ವಲ್ಪ ಡೈವರ್ಸಿಟಿ ತೋರಿಸ್ಬೇಕು. ನಿಮ್ಮ ಕೆಳಗಿನ ಮನೆ ಆಂಟಿ ಹಾಡ್ತಾರಂತಲ್ಲ? ಆ ಥರ ಮ್ಯೂಸಿಕ್ ಅಂದ್ರೆ ನಂಗೆ ಪ್ರಾಣ" ಅಂದರು. ನಮ್ಮ ಬೀದಿಯ ಬಸ್‌ಸ್ಟಾಪಿನಲ್ಲಿ ಕಪ್ಪು ಹುಡುಗರು ನಿಂತಿದ್ದರೆ ಕಾರಿನ ಬಾಗಿಲು ಲಾಕ್ ಮಾಡಿಕೊಳ್ಳುವವರೂ ಇವರೇ.

ಆಕೆ ಸಂತೋಷದಿಂದ ಒಪ್ಪಿದರು. ಪೋಸ್ಟರ್ ಬಂತು. ಅಧ್ಯಕ್ಷರು ಮತ್ತು ಕೌನ್ಸಿಲರ್ ಅಕ್ಕಪಕ್ಕದಲ್ಲಿ ನಗುತ್ತಿದ್ದರು. ಅಡಿಯಲ್ಲಿ ಇರುವೆಯಂಥ ಅಕ್ಷರದಲ್ಲಿ, "ವಿಶೇಷ ಆಕರ್ಷಣೆ: ಆಫ್ರಿಕನ್ ಹಾಡು, ಐದು ನಿಮಿಷ."

ಅಧ್ಯಕ್ಷರಿಗೆ ಫೋನ್ ಹಚ್ಚಿದೆ. "ಅಲ್ರೀ, ಅಕಿ ಅಮೆರಿಕಾದಾಕಿ. ಹೆಸರೂ ಇಲ್ಲ, ಫೋಟೋನೂ ಇಲ್ಲ?"

"ಜಾಗ ಇರ್ಲಿಲ್ಲ ಮೇಡಂ. ಎಲ್ಲಾ ಒಂದೇ ಅಲ್ವಾ?"

"ಹಂಗಾದ್ರ ಮುಂದಿನ ಸಲ ನಿಮ್ಮ ಫೋಟೋ ಕೆಳಗ ತಮಿಳ್ರು ಅಂತ ಹಾಕ್ಸೋಣೇನ್ರೀ?"

"ಅದ್ಹೇಗಾಗತ್ತೆ ಮೇಡಂ!" ನಿಜಕ್ಕೂ ನೊಂದುಕೊಂಡರು.

ಆಕೆಗೆ ಪೋಸ್ಟರ್ ತೋರಿಸಲು ನನಗೇ ನಾಚಿಕೆ. ಅವರು ಕನ್ನಡಕ ಏರಿಸಿ ನೋಡಿ, "ಪಾಪ, ಈ ಜೋಡಿಗೆ ಸಮುದ್ರ ಸಿಗಲಿಲ್ಲವಾ?" ಅಂದರು.

ರಾಜ್ಯೋತ್ಸವದ ದಿನ ಅಧ್ಯಕ್ಷರು ಕನ್ನಡದ ಹಿರಿಮೆಯನ್ನು ಬಹುಪಾಲು ಇಂಗ್ಲಿಷಿನಲ್ಲೇ ಸಾರಿ, ಹೊತ್ತು ಮೀರಿಸಿದ ಮೇಲೆ ಆಕೆಯನ್ನು ಕರೆದರು. ಆಕೆ ವಾದ್ಯವಿಲ್ಲದೆ, ಕಣ್ಣು ಮುಚ್ಚಿ ಹಾಡು ಎತ್ತಿಕೊಂಡರು. ನನ್ನ ಮೈ ಜುಮ್ಮೆಂದಿತು. ಎರಡನೇ ಚರಣಕ್ಕೆ ಅಧ್ಯಕ್ಷರ ದನಿ ಇನ್ನೊಂದು ಮೈಕಿನಲ್ಲಿ ಮೊಳಗಿತು: "ಊಟ ರೆಡಿ ಇದೆ, ಮಕ್ಕಳಿರೋರು ಮೊದಲು ಬನ್ನಿ!" ಅರ್ಧ ಸಭೆ ಬಿಸಿಬೇಳೆಬಾತಿನ ಕಡೆಗೆ ಎದ್ದಿತು.

ಆಕೆ ಹಾಡು ನಿಲ್ಲಿಸಿದರು. ನಿಧಾನವಾಗಿ ನಡೆದು ಅಧ್ಯಕ್ಷರ ಕೈಯಿಂದ ಮೈಕು ತೆಗೆದುಕೊಂಡು, ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ ಹೇಳಿದರು: "ಮಗೂ, ನಾನಿನ್ನೂ ಹಾಡ್ತಾ ಇದ್ದೀನಿ. ಡೆಟ್ರಾಯಿಟ್‌ನಲ್ಲಿ ಕುಡುಕರ ಮುಂದೆ ಹಾಡಿದವಳು ನಾನು. ಅವರೂ ಹಾಡು ಮುಗಿಯೋವರೆಗೆ ಗ್ಲಾಸು ಕೆಳಗಿಡ್ತಿದ್ದರು."

ಮೊದಲು ಚಪ್ಪಾಳೆ ತಟ್ಟಿದ್ದು ಕೌನ್ಸಿಲರ್. ಹಾಗಾಗಿ ಅಧ್ಯಕ್ಷರೂ ತಟ್ಟಿದರು. ಆಕೆ ಐದು ನಿಮಿಷದ ಲೆಕ್ಕ ಬಿಟ್ಟು ಮನಸಾರೆ ಹಾಡಿದರು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಹಪ್ಪಳ ಕಡಿಯಲೂ ಹೆದರಿದರು.

ಮರುದಿನ ಫೇಸ್‌ಬುಕ್ಕಿನಲ್ಲಿ ಆಕೆಯ ತಲೆಗೆ ಮೈಸೂರು ಪೇಟ ತೊಡಿಸುತ್ತಿರುವ ಅಧ್ಯಕ್ಷರ ಫೋಟೋ: "ನಮ್ಮ ಸಂಘ ಬೆಳಕಿಗೆ ತಂದ ಹೊಸ ಪ್ರತಿಭೆ." ನಾನು ಅನುವಾದಿಸಿ ಹೇಳಿದೆ. ಆಕೆ ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿಯಬೇಕಾಯಿತು.

ಈಗ ಯುಗಾದಿಗೂ ಕರೆದಿದ್ದಾರೆ. ಬರುತ್ತೇನೆ, ಆದರೆ ಅಧ್ಯಕ್ಷರು ಮೈಕಿಲ್ಲದೆ ಮುಂದಿನ ಸಾಲಿನಲ್ಲಿ ಕೂರಬೇಕು ಎಂದು ಆಕೆ ಹೇಳಿ ಕಳಿಸಿದ್ದಾರೆ. ಸಮಿತಿ ಇನ್ನೂ ಚರ್ಚಿಸುತ್ತಿದೆ.